ಮೊದಲು ಸೀನಿಯರ್‌ಗಳ ನೋಟ್‌ಬುಕ್ ನೋಡು ಅಂದೆ

ಮೊನ್ನೆ ಬೈಲಹೊಂಗಲದಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮುಗಿಸಿದ್ದಾಳೆ. "ಅಕ್ಕಾ, ಪಿಎಚ್‌ಡಿ ಮಾಡಬೇಕಂತ ಮಾಡೀನಿ. ಯಾವ ಲ್ಯಾಬ್‌ನಾಗ ಪೇಪರ್ ಲಗೂನ ಆಗ್ತಾವ?" ಅಂದಳು. ಪೇಪರ್ ಅಂದರೆ ಜರ್ನಲ್‌ನಲ್ಲಿ ಅಚ್ಚಾಗುವ ಸಂಶೋಧನಾ ಲೇಖನ. ಕೇಳಿ ಬೇಜಾರಾಯಿತು. ತಪ್ಪು ಅವಳದಲ್ಲ. ನಾವೇ ಹಾಗೆ ಕಲಿಸಿಟ್ಟಿದ್ದೇವೆ.

ಬೆಳಗಾವಿಯಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ, ಕೆಎಲ್ಇ ವಿಶ್ವವಿದ್ಯಾಲಯ ಇದೆ. ಆ ಕಡೆ ವಿಜಯಪುರದಲ್ಲಿ ಬಿಎಲ್‌ಡಿಇ ವಿಶ್ವವಿದ್ಯಾಲಯ ಇದೆ. ನಮ್ಮ ಭಾಗದ ಮಕ್ಕಳು ಸಂಶೋಧನೆ ಅಂದ ಕೂಡಲೇ ಪುಣೆ, ಬೆಂಗಳೂರಿನ ಬಸ್ ಹತ್ತಬೇಕಿಲ್ಲ. ಆದರೆ ಒಳಗೆ ಹೋದಮೇಲೆ ಏನಿರುತ್ತದೆ ಅಂತ ಯಾರೂ ಹೇಳುವುದಿಲ್ಲ.

ಕೋರ್ಸ್‌ವರ್ಕ್ ಅಂತ ತರಗತಿ ಪಾಠ ಇರುತ್ತದೆ, ಪರೀಕ್ಷೆ ಇರುತ್ತದೆ. ರೋಗಿಯ ಒಂದು ಹನಿ ರಕ್ತ ಮುಟ್ಟಬೇಕಾದರೂ ಎಥಿಕ್ಸ್ ಕಮಿಟಿ ಒಪ್ಪಬೇಕು. ಇಲಿಗಳ ಮೇಲಿನ ಕೆಲಸಕ್ಕೆ ಬೇರೆಯೇ ಕಮಿಟಿ. ಸೆಮಿಸ್ಟರ್‌ಗೊಮ್ಮೆ ಸಲಹಾ ಸಮಿತಿ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ನಿಯಮದಲ್ಲಿ ಕನಿಷ್ಠ 3 ವರ್ಷ, ಜಾಸ್ತಿ ಅಂದರೆ 6 ವರ್ಷ ಅಂತಿದೆ. ಮೂರಕ್ಕೆ ಮುಗಿಸಿದವರನ್ನು ನಾನಂತೂ ನೋಡಿಲ್ಲ.

ಪಿಎಚ್‌ಡಿ ಮಾಡುವಾಗ ನನಗೆ ನಿಜವಾದ ಪಾಠ ಆಗಿದ್ದು ಒಂದು ಪ್ಲೇಟ್‌ನಿಂದ. ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲಿ ಲಿವರ್ ಕ್ಯಾನ್ಸರ್ ಕೋಶಗಳು. ಆ ಕೋಶಗಳು ಸಾಯುತ್ತವಾ ನೋಡಲು ನೆಲನೆಲ್ಲಿಯ ಸಾರ ಹಾಕಿ, ಮರುದಿನ ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕಿದೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತಿದ್ದರೆ ಹಳದಿ ಹಾಗೇ ಉಳಿಯುತ್ತದೆ. ನನ್ನ ಸಾರ ಬಿದ್ದ ಗುಳಿಗಳೆಲ್ಲ ಅಚ್ಚ ಹಳದಿ! ಓಡಿಹೋಗಿ ನನ್ನ ಗೈಡ್ ಮೇಡಂಗೆ ತೋರಿಸಿದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಮಾತು ಕೇಳಿದರು. "ಬರೇ ಡಿಎಂಎಸ್ಒ ಹಾಕಿದ್ದು ಯಾವುದವಾ?"

ಸಾರವನ್ನು ಕರಗಿಸಿದ ದ್ರಾವಕ ಅದು. ಜಾಸ್ತಿಯಾದರೆ ಅದೇ ಕೋಶಗಳನ್ನು ಕೊಲ್ಲುತ್ತದೆ. ಅದನ್ನೊಂದೇ ಹಾಕಿ ನೋಡುವ ಕಂಟ್ರೋಲ್ ನಾನು ಇಟ್ಟೇ ಇರಲಿಲ್ಲ. ಇಟ್ಟು ಮತ್ತೆ ಮಾಡಿದೆ. ಅದೂ ಹಳದಿಯೇ ಬಂತು. ಕೋಶ ಕೊಂದಿದ್ದು ನನ್ನ ಔಷಧಿಯೇ ಅಂತ ಹೇಳುವ ಹಾಗೇ ಇರಲಿಲ್ಲ. ಮೂರು ವಾರದ ಕೆಲಸ ಹೋಯಿತು.

ಮೇಡಂ ಬೈಯಲಿಲ್ಲ. "ಹಾಳಿ ಹರೀಬ್ಯಾಡ. ಒಂದು ಗೆರಿ ಎಳಿ, ಯಾಕ ತಪ್ಪಾತು ಬರಿ, ತಾರೀಖು ಹಾಕಿ ಸಹಿ ಮಾಡು" ಅಂದರು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ. ಯಾವ ಕೋರ್ಸ್‌ವರ್ಕೂ ನನಗೆ ಅಷ್ಟು ಕಲಿಸಲಿಲ್ಲ.

ಎಲ್ಲರಿಗೂ ಇಂಥ ಗೈಡ್ ಸಿಗುವುದಿಲ್ಲ. "ರಿಸಲ್ಟ್ ಬರದಿದ್ದರೆ ಮುಖ ತೋರಿಸಬೇಡ" ಅಂತ ಗದರಿಸುವವರ ಕೈಕೆಳಗೆ ಕೆಲಸ ಮಾಡಿ ಕಣ್ಣೀರು ಹಾಕಿದ ಗೆಳತಿಯರಿದ್ದಾರೆ ನನಗೆ. ಹೆದರಿದ ವಿದ್ಯಾರ್ಥಿ ಏನು ಮಾಡುತ್ತಾನೆ? ಕೆಟ್ಟ ಪ್ಲೇಟ್ ಮುಚ್ಚಿಡುತ್ತಾನೆ, ಚೆನ್ನಾಗಿ ಬಂದಿದ್ದನ್ನಷ್ಟೇ ತೋರಿಸುತ್ತಾನೆ. ನಾಳೆ ಆ ಅಂಕಿ ನಂಬಿ ಇನ್ಯಾರೋ ಔಷಧಿ ಮಾಡಲು ಹೊರಟರೆ? ಥೀಸಿಸ್ ಕೊಡುವ ಮೊದಲು ಪೇಪರ್ ಬೇಕೇ ಬೇಕು ಅನ್ನುವ ಷರತ್ತನ್ನು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರಲ್ಲೇ ಕೈಬಿಟ್ಟಿದೆ. ಒಳ್ಳೆಯದೇ ಆಯಿತು. ಆದರೆ ಪೇಪರ್ ಎಷ್ಟು ಅಂತ ಎಣಿಸುವ ಚಾಳಿ ಹೋಗಿಲ್ಲ.

ದುಡ್ಡಿನ ಮಾತೂ ಇದೆ. ಜೆಆರ್‌ಎಫ್, ಅಂದರೆ ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ. ಆದರೆ ನನಗೆ ಒಮ್ಮೆ ಐದು ತಿಂಗಳು ಬರಲೇ ಇಲ್ಲ. ರೂಮಿನ ಬಾಡಿಗೆಯನ್ನು ಅಪ್ಪ ಕಬ್ಬಿನ ಬಿಲ್ಲಿನಲ್ಲಿ ಕಟ್ಟಿದರು. ಫೆಲೋಶಿಪ್ ತಿಂಗಳಿಗೆ ಸರಿಯಾಗಿ ಬರಬೇಕು. ಮನೆ ಚಿಂತೆ ಹೊತ್ತ ಹುಡುಗಿ ಅದೇ ಪ್ಲೇಟನ್ನು ಮೂರು ಸಲ ಮಾಡುವ ತಾಳ್ಮೆ ಎಲ್ಲಿಂದ ತರಬೇಕು?

ಆ ಹುಡುಗಿಗೆ ಹೇಳಿದೆ. ಪೇಪರ್ ಲೆಕ್ಕ ಬಿಡು. ಲ್ಯಾಬ್‌ಗೆ ಹೋಗಿ ಸೀನಿಯರ್‌ಗಳ ನೋಟ್‌ಬುಕ್ ತೋರಿಸಿ ಅಂತ ಕೇಳು. ತಪ್ಪಿನ ಮೇಲೆ ಗೆರೆ ಎಳೆದು ಕಾರಣ ಬರೆದ ಹಾಳೆಗಳು ಇವೆಯಾ ನೋಡು. ಇದ್ದರೆ ಸೇರಿಕೋ. ಸೋಮವಾರ ಹೋಗುತ್ತಾಳಂತೆ.