ಹಗ್ಗಕ್ಕೆ ನಿವೃತ್ತಿ ಇಲ್ಲ

ಮೊನ್ನೆಯ ಸನ್ಮಾನದ ಫೋಟೊ ನೀವೂ ನೋಡಿರುತ್ತೀರಿ. ಗುಡ್ಡದಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಇಳಿಸಿ ತಂದ ಸ್ವಯಂಸೇವಕರು ಹಿಂದಿನ ಸಾಲಿನಲ್ಲಿ, ಗುಡ್ಡದ ಬುಡಕ್ಕೂ ಬಾರದ ಗಣ್ಯರು ಮುಂದಿನ ಸಾಲಿನಲ್ಲಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತೆ ಮುಗಿಯದ ಸನ್ಮಾನಪತ್ರ. ಕಾಸರಗೋಡಿನಲ್ಲಿ ಪ್ರಪಾತದಿಂದ ಪಾರಾದವರಿದ್ದಾರೆ, ಸನ್ಮಾನದಿಂದ ಪಾರಾದವರು ಕಡಿಮೆ.

ಶಾಮಿಯಾನದ ಮೂಲೆಯ ಕಂಬಕ್ಕೆ ಬಿಗಿದಿದ್ದ ಬಿಳಿ ಹಗ್ಗವನ್ನು ಗಮನಿಸಿದಿರಾ? ಅದೇ ಮಾರಾಯ್ರೆ, ಹುಡುಗರನ್ನು ಇಳಿಸಿದ ಹಗ್ಗ. "ಅಣ್ಣಾ, ಹಗ್ಗ ಒಂದು ಗಳಿಗೆ ಕೊಡಿ, ಈಗ ವಾಪಸು" ಎಂದು ಸಂಘಟಕರು ಕೊಂಡುಹೋದದ್ದು.

ಅದು 11 ಮಿಲಿಮೀಟರ್ ದಪ್ಪದ ಹಗ್ಗ. ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ. ಭಾರದ ಬಹುಪಾಲನ್ನು ಹೊರುವುದು ಕಣ್ಣಿಗೆ ಕಾಣದ ಆ ತಿರುಳು. ಹೊಸದಿದ್ದಾಗ ಸುಮಾರು 3 ಟನ್ ತಡೆಯುತ್ತದೆ. ಗಂಟು ಹಾಕಿದ ಕೂಡಲೇ ಅದರಲ್ಲಿ ಕಾಲು ಭಾಗದಷ್ಟು ಹೋಯಿತು. ಉಳಿದದ್ದನ್ನು ಹಾಳು ಮಾಡಲು ನಾವಿದ್ದೇವಲ್ಲ! ಓಣಂಗೆ ಅದರಲ್ಲೇ ಹಗ್ಗಜಗ್ಗಾಟ, ಅಷ್ಟಮಿಗೆ ಅದರಲ್ಲೇ ಮೊಸರುಕುಡಿಕೆ. ಅಂಗಳದಲ್ಲಿ ತುಳಿದಾಗ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಹುಡಿ ಕವಚದೊಳಗೆ ಹೊಕ್ಕು, ಪ್ರತಿ ಎಳೆತಕ್ಕೂ ಎಳೆಗಳನ್ನು ಕೊಯ್ಯುತ್ತದೆ. ಉಳಿದ ದಿನ ಜೀಪಿನ ಡಿಕ್ಕಿಯಲ್ಲಿ, ಹಳೆ ಬ್ಯಾಟರಿಯ ಪಕ್ಕ ವಾಸ. ಬ್ಯಾಟರಿಯ ಆಸಿಡ್ ತಾಗಿದ ನೈಲಾನ್ ಮೇಲಿಂದ ನೋಡಿದರೆ ಬೆಳ್ಳಗೆ ಚಂದವಾಗಿಯೇ ಇರುತ್ತದೆ, ಮನುಷ್ಯ ನೇತುಬಿದ್ದಾಗ ಗೊತ್ತಾಗುತ್ತದೆ. ಬಳಸದೆ ಇಟ್ಟರೂ 10 ವರ್ಷಕ್ಕೆ ಎಸೆಯಿರಿ ಎನ್ನುತ್ತಾರೆ ಹಗ್ಗ ಮಾಡುವವರು. ನಮ್ಮಲ್ಲಿ ಸಂಘದ ಅಧ್ಯಕ್ಷರಿಗೂ ಹಗ್ಗಕ್ಕೂ ನಿವೃತ್ತಿ ಇಲ್ಲ.

ನಿಯಮದ ಪ್ರಕಾರ ಇಳಿಯುವವನಿಗೆ ಎರಡು ಹಗ್ಗ ಬೇಕು, ಎರಡನ್ನೂ ಬೇರೆ ಬೇರೆ ಆಧಾರಕ್ಕೆ ಕಟ್ಟಬೇಕು. ಒಂದು ಕೈಕೊಟ್ಟರೆ ಇನ್ನೊಂದು. ನಮ್ಮ ಮುರಕಲ್ಲು ಆಧಾರಕ್ಕೆ ನಂಬುವ ಕಲ್ಲಲ್ಲ, ಮೊಳೆ ಹೊಡೆದರೆ ಹುಡಿಯಾಗಿ ಉದುರುತ್ತದೆ. ಹಾಗಾಗಿ ಮರ ಹುಡುಕಬೇಕು. ಮಣ್ಣು ತೆಳುವಾದ ಕಲ್ಲುಪಾರೆಯ ಅಂಚಿನಲ್ಲಿ ಒಂಟಿ ಮರವನ್ನೂ ನಂಬುವ ಹಾಗಿಲ್ಲ, ಹಿಂದಿನ ಮರಕ್ಕೂ ಸೇರಿಸಿ ಕಟ್ಟಬೇಕು. ಹಗ್ಗ ಅಂಚಿಗೆ ತಾಗುವಲ್ಲಿ ದಪ್ಪ ಗೋಣಿಯನ್ನೋ ಹಳೆ ಟಯರಿನ ತುಂಡನ್ನೋ ಇಟ್ಟು, ಅದು ಜಾರದ ಹಾಗೆ ಕಟ್ಟಬೇಕು. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯಿತೆನ್ನಿ, ಆ ಅರ್ಧ ಗಂಟೆಯೂ ಹಿಂದಿನಿಂದ "ಇಷ್ಟು ಹೊತ್ತಾ? ನಮ್ಮ ತೆಂಗು ಕೊಯ್ಯುವವನಾದರೆ ಇಷ್ಟರಲ್ಲಿ ಹತ್ತಿ ಇಳಿಯುತ್ತಿದ್ದ" ಎಂಬ ವೀಕ್ಷಕ ವಿವರಣೆ.

ಈ ವೀಕ್ಷಕರ ಗೌಜಿಯದ್ದೇ ಒಂದು ಪುರಾಣ. ಇನ್ನೂರು ಜನ ಅಂಚಿನಲ್ಲಿ ಸಾಲಾಗಿ ನಿಂತು ಬಗ್ಗಿ ನೋಡುತ್ತಾರೆ. ಅವರ ಚಪ್ಪಲಿಯಡಿಯಿಂದ ಜಾರಿದ ಕಲ್ಲು ಹೋಗುವುದು ಕೆಳಗೆ ನೇತಾಡುವವನ ತಲೆಗೆ. ಡ್ರೋನ್ ತಂದ ಯೂಟ್ಯೂಬರ್ ಇನ್ನೊಬ್ಬ. ಬಂಡೆಯ ಮಗ್ಗುಲಲ್ಲಿ ಹೆಜ್ಜೇನು ಕಟ್ಟಿದೆ ಎಂದರೆ "ಜೇನಿನ ಶಾಟ್ ಕೂಡ ಬರಲಿ" ಎನ್ನುತ್ತಾನೆ. ಹೆಜ್ಜೇನು ಎದ್ದರೆ ಓಡಬಹುದು, ಹಗ್ಗದಲ್ಲಿರುವವನು ಎಲ್ಲಿಗೆ ಓಡಬೇಕು? ಇನ್ನು ಸ್ಟ್ರೆಚರ್. ಒಂದು ಸಲಕ್ಕೆ ಆರು ಜನ ಹೊರಬೇಕು, ಇಳಿಜಾರಿನಲ್ಲಿ ನೂರಿನ್ನೂರು ಮೀಟರಿಗೇ ಕೈ ಸೋಲುತ್ತದೆ. ಒಂದು ಕಿಲೋಮೀಟರಿಗೆ ಹದಿನೆಂಟಿಪ್ಪತ್ತು ಜನ ಇದ್ದರೆ ಸರಿ. ಇನ್ನೂರರಲ್ಲಿ ಇಪ್ಪತ್ತು ಜನ ಸಿಗುವುದಿಲ್ಲ, ಎಲ್ಲರ ಒಂದು ಕೈಯಲ್ಲಿ ಮೊಬೈಲ್ ಇದೆಯಲ್ಲ.

ಸಿಕ್ಕಿಬಿದ್ದವನ ಮೊಬೈಲಿನ ಕಥೆ ಬೇರೆ. ಲೊಕೇಶನ್ ಕಳಿಸಿ, ಬ್ಯಾಟರಿ ಉಳಿಸಿ, ಇದ್ದಲ್ಲೇ ಇರು ಎಂದು ತಂಡದವರು ಹೇಳಿರುತ್ತಾರೆ. ಅಷ್ಟರಲ್ಲಿ ನಂಬರ್ ಚಾನೆಲ್‌ನವರಿಗೆ ಸಿಕ್ಕಿ, "ಈಗ ಹೇಗೆ ಅನಿಸುತ್ತಿದೆ?" ಮೂರನೇ ಸಲ ಅನಿಸಿಕೆ ಹೇಳುವಾಗ ಫೋನ್ ಆಫ್. ಫೋನ್ ಸತ್ತ ಮೇಲೆ ಅವನು ನೀರಿನ ತೋಡು ಹಿಡಿದು ಇಳಿಯಲು ಹೊರಡುತ್ತಾನೆ, ದಾರಿ ತಪ್ಪಿದವರಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ತೋಡು ಹೋಗುವುದು ಅಬ್ಬಿಯ, ಅಂದರೆ ಜಲಪಾತದ, ತಲೆಗೆ.

2022ರ ಫೆಬ್ರವರಿಯಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದ ಕುರುಂಬಾಚಿ ಗುಡ್ಡದ ಬಂಡೆಸೀಳಿನಲ್ಲಿ ಯುವಕನೊಬ್ಬ 40 ಗಂಟೆಗೂ ಹೆಚ್ಚು ಕೂತದ್ದು ನೆನಪಿದೆಯಲ್ಲ? ಹೆಲಿಕಾಪ್ಟರಿಗೆ ಹತ್ತಿರ ಹೋಗಲಾಗದೆ, ಕೊನೆಗೆ ಸೈನಿಕರು ಮೇಲಿನಿಂದ ಹಗ್ಗದಲ್ಲಿಳಿದು ಅವನನ್ನು ಮೇಲಕ್ಕೆತ್ತಿದರು. ದೇಶವೇ ಟಿವಿ ಮುಂದೆ ಕೂತು ಕಲಿತ ಪಾಠ ಏನು? ಕೆಲವೇ ದಿನಗಳಲ್ಲಿ ಇನ್ನೊಬ್ಬ ಅದೇ ಗುಡ್ಡ ಹತ್ತಿದ.

ನಮ್ಮ ಕಾಸರಗೋಡಿನ ರಾಣಿಪುರಂ ಬೆಟ್ಟದಲ್ಲಿ ಗಡಿಯ ಗಮ್ಮತ್ತೂ ಉಂಟು. ಹುಲ್ಲುಗುಡ್ಡದ ಆಚೆ ತಲಕಾವೇರಿ ವನ್ಯಧಾಮ, ಅದು ಕರ್ನಾಟಕ. ದಾರಿ ತಪ್ಪಿದವನಿಗೆ ಮಂಜಿನಲ್ಲಿ ರಾಜ್ಯ ಕಾಣುವುದಿಲ್ಲ. ಎಚ್ಚರಿಕೆಯ ಫಲಕ ಮಲಯಾಳದಲ್ಲಿದ್ದರೆ ಕನ್ನಡದವರು ಅದರ ಕೆಳಗೆ ನಿಂತು ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ. ರಕ್ತ ಹೀರುವ ಇಂಬಳ ಮಾತ್ರ ಭಾಷೆ ಕೇಳದೆ ಎಲ್ಲರನ್ನೂ ಸಮಾನವಾಗಿ ಹಿಡಿಯುತ್ತದೆ.

ನಗು ಸಾಕು. ಆ ಹಿಂದಿನ ಸಾಲಿನವರಲ್ಲಿ ಅಡಿಕೆ ಕೊಯ್ಯುವವರಿದ್ದಾರೆ, ಆಟೋ ಓಡಿಸುವವರಿದ್ದಾರೆ. ಗುಡ್ಡ ಹತ್ತಿದ ದಿನದ ಕೂಲಿ ಹೋಯಿತು, ಸನ್ಮಾನದ ದಿನದ್ದೂ ಹೋಯಿತು. ಅವರ ಕಾಲು ಮುರಿದರೆ ಆಸ್ಪತ್ರೆಯ ಬಿಲ್ ಯಾರು ಕಟ್ಟುತ್ತಾರೆ ಎಂದು ವೇದಿಕೆಯಲ್ಲಿ ಒಬ್ಬರೂ ಕೇಳಲಿಲ್ಲ. ಧ್ವನಿವರ್ಧಕ, ಫ್ಲೆಕ್ಸ್, ಊಟದ ಖರ್ಚಿನಲ್ಲಿ 100 ಮೀಟರ್ ಹೊಸ ಹಗ್ಗ ಬರುತ್ತಿತ್ತು. ತರಲಿಲ್ಲ. ಪ್ರತಿ ಮಳೆಗಾಲವೂ ಇದೇ ಕಥೆ, ಬರೆದೂ ಬರೆದೂ ಬೇಜಾರು ಬಂದಿದೆ.

ಮುಂದಿನ ಸನ್ಮಾನದ ಸಂಘಟಕರಲ್ಲಿ ಒಂದೇ ವಿನಂತಿ: ಶಾಮಿಯಾನಕ್ಕೆ ಪ್ಲಾಸ್ಟಿಕ್ ಹಗ್ಗ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಮೊನ್ನೆ ಕೊಂಡುಹೋದದ್ದನ್ನು ಇನ್ನೂ ವಾಪಸು ಕೊಟ್ಟಿಲ್ಲವಂತೆ.