ಭಿಕ್ಷಾಪಾತ್ರೆ ಮತ್ತು ವಂತಿಗೆ ಪುಸ್ತಕ

ಬೌದ್ಧ ಸನ್ಯಾಸಿಯ ವೇಷದಲ್ಲಿ ಹಣ ಎತ್ತುವ ಕಸುಬಿಗೆ ಬೇಕಾಗುವ ಬಂಡವಾಳ ತೀರ ಅಲ್ಪ. ಬೋಳಿಸಿದ ತಲೆ, ಕಾವಿಯದೋ ಬೂದುಬಣ್ಣದ್ದೋ ಒಂದು ನಿಲುವಂಗಿ, ಒಂದು ಹಿಡಿ ಮಣಿಸರ, ಬಂಗಾರದ ಬಣ್ಣದ ಒಂದು ಕಟ್ಟು ಬಿಲ್ಲೆ, ಮತ್ತು ಒಂದು ವಂತಿಗೆ ಪುಸ್ತಕ. ಇಷ್ಟಿದ್ದರೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಾಗಲಿ, ಹಾಂಗ್‌ಕಾಂಗಿನ ಪೇಟೆಬೀದಿಯಲ್ಲಾಗಲಿ, ಸಿಡ್ನಿಯ ಪ್ರವಾಸಿಗಳ ಜಂಗುಳಿಯಲ್ಲಾಗಲಿ ನಿಂತು ಸಂಪಾದಿಸಬಹುದು. ಊರು ಬದಲಾದರೂ ಆಟದ ನಡೆ ಬದಲಾಗುವುದಿಲ್ಲ. ಮೊದಲು ಒಂದು ನಗು, ಆಮೇಲೆ ಒಂದು ನಮಸ್ಕಾರ, ನಮಸ್ಕಾರಕ್ಕೆ ಪ್ರತಿಯಾಗಿ ನಮ್ಮ ಕೈ ಮೇಲೇಳುತ್ತಿದ್ದಂತೆ ಆ ಕೈಯೊಳಗೊಂದು ಬಿಲ್ಲೆ. 2016ರಲ್ಲಿ ನ್ಯೂಯಾರ್ಕಿನಲ್ಲಿ ಇವರ ಕಾಟ ಎಷ್ಟು ಹೆಚ್ಚಿತೆಂದರೆ, ಹಳೆಯ ರೈಲುಹಾದಿಯ ಮೇಲೆ ಎಬ್ಬಿಸಿರುವ ಹೈ ಲೈನ್ ಉದ್ಯಾನದ ಸಂದರ್ಶಕರು ಬೇಸತ್ತರು. ಆ ನಗರದ ಬೌದ್ಧ ಸಂಘಟನೆಯೇ ಮುಂದೆ ಬಂದು ಇವರ ಬಗ್ಗೆ ಜನರಿಗೆ ಎಚ್ಚರಿಕೆ ಹೇಳಬೇಕಾಯಿತು. ಅಲ್ಲಿ ಹಂಚುತ್ತಿದ್ದ ಬಿಲ್ಲೆಯ ಮೇಲೆ ಕೆಲಸ ಸಲೀಸಾಗಲಿ, ಬಾಳೆಲ್ಲ ಶಾಂತಿಯಿರಲಿ ಎಂಬರ್ಥದ ಮುರುಕು ಇಂಗ್ಲಿಷ್ ಇತ್ತು. ಹಂಚುವವರ ಕೆಲಸವಂತೂ ಸಲೀಸಾಗಿಯೇ ಸಾಗುತ್ತಿತ್ತೆನ್ನಬೇಕು.

ಈ ಕಸುಬಿನ ಜೀವಾಳವಿರುವುದು ಬಿಲ್ಲೆಯಲ್ಲಲ್ಲ, ಪುಸ್ತಕದಲ್ಲಿ. ಅದರಲ್ಲಿ ಹೆಸರಿಗೊಂದು, ದೇಶಕ್ಕೊಂದು, ಹಾರೈಕೆಗೊಂದು, ಮೊತ್ತಕ್ಕೊಂದು ಎಂದು ಅಂಕಣಗಳನ್ನು ಎಳೆದಿರುತ್ತದೆ. ಹಾರೈಕೆಯ ಅಂಕಣದಲ್ಲಿ ಶಾಂತಿ, ಶಾಂತಿ ಎಂದು ಸಾಲುಸಾಲಾಗಿ ಇಳಿದುಬಂದಿದ್ದರೆ, ಮೊತ್ತದ ಅಂಕಣದಲ್ಲಿ 20, 40, 100 ಎಂಬ ದುಂಡನೆಯ ಅಂಕಿಗಳು ಕೂತಿರುತ್ತವೆ. ಅಷ್ಟೂ ಸಾಲುಗಳ ಕೈಬರಹ ಒಂದೇ ತೆರನಾಗಿದೆಯೇ ಎಂದು ಗಮನಿಸುವಷ್ಟು ಹೊತ್ತು ಪುಸ್ತಕ ನಮ್ಮೆದುರು ನಿಲ್ಲುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಒಂದು ಬೆರಳು ಬಂದು ಇರುವುದರಲ್ಲಿ ದೊಡ್ಡ ಅಂಕಿಯ ಮೇಲೆ ನಿಂತಿರುತ್ತದೆ. ಪುಸ್ತಕದ ಹಿಂಬದಿಯಲ್ಲಿ ಎಲ್ಲೋ ಕಟ್ಟಲಾಗುತ್ತಿರುವ ಒಂದು ಗುಡಿಯ ಚಿತ್ರವಿರುತ್ತದೆ. ಚಿಲ್ಲರೆ ಕೊಡಹೋದರೆ ಮುಖದ ನಗು ಮಾಯವಾಗುತ್ತದೆ. ಏನೂ ಕೊಡದಿದ್ದರೆ ಬಿಲ್ಲೆಯೂ ಸರವೂ ವಾಪಸ್ಸು ಹೋಗುತ್ತವೆ. ಇಲ್ಲಿ ಕೆಲಸ ಮಾಡುವುದು ಭಕ್ತಿಯಲ್ಲ, ದಾಕ್ಷಿಣ್ಯ. ಮುಂದೆ ನಿಂತವರು ಕಳ್ಳರಿರಬಹುದೆಂದು ನಮಗೆ ಅನ್ನಿಸದೆ ಇರುವುದಿಲ್ಲ. ಆದರೆ ಕಾವಿ ತೊಟ್ಟವರ ಮುಖಕ್ಕೆ ಇಲ್ಲವೆನ್ನುವ ಕಷ್ಟಕ್ಕಿಂತ ಇಪ್ಪತ್ತು ಡಾಲರ್ ಕಳೆದುಕೊಳ್ಳುವುದು ಹಗುರವೆಂದು ಆ ಗಳಿಗೆಯಲ್ಲಿ ತೋರುತ್ತದೆ, ಮತ್ತು ಆ ಗಳಿಗೆಯೊಂದೇ ಅವರಿಗೆ ಸಾಕು.

ನಿಜವಾದ ಭಿಕ್ಷಾಟನೆಯಲ್ಲಿ ಇಂಥ ಪುಸ್ತಕಕ್ಕೆ ಜಾಗವೇ ಇಲ್ಲ. ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲಿ ನಡೆದುಬಂದಿರುವ ಥೇರವಾದ ಸಂಪ್ರದಾಯದ ಭಿಕ್ಷುಗಳು ಬೆಳಗಿನ ಹೊತ್ತಿನಲ್ಲಿ ಪಾತ್ರೆ ಹಿಡಿದು, ಸಾಮಾನ್ಯವಾಗಿ ಬರಿಗಾಲಿನಲ್ಲಿ, ಪಿಂಡಪಾತಕ್ಕೆ, ಅಂದರೆ ಊಟದ ಭಿಕ್ಷೆಗೆ, ಹೊರಡುತ್ತಾರೆ. ಬಾಯಿಬಿಟ್ಟು ಇಂಥದ್ದು ಬೇಕೆಂದು ಕೇಳುವಂತಿಲ್ಲ. ಮೌನವಾಗಿ ನಿಂತು, ಹಾಕಿದರೆ ಸ್ವೀಕರಿಸಿ, ಹಾಕದಿದ್ದರೆ ಮುಂದಿನ ಮನೆಗೆ ನಡೆಯಬೇಕು. ಸೂರ್ಯ ನೆತ್ತಿಗೆ ಬರುವುದರೊಳಗೆ ದಿನದ ಊಟ ಮುಗಿಯಬೇಕಾದ್ದರಿಂದ ಮಧ್ಯಾಹ್ನದ ಮೇಲೆ ಪಾತ್ರೆ ಹಿಡಿದು ಬೀದಿಯಲ್ಲಿ ನಿಲ್ಲುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಅವರ 227 ನಿಯಮಗಳ ಪೈಕಿ ನಡೆನುಡಿಯ ಶಿಸ್ತಿಗೆಂದೇ 75 ಇವೆ. ಭಿಕ್ಷೆ ಸ್ವೀಕರಿಸುವಾಗ ಗಮನ ಪಾತ್ರೆಯ ಮೇಲಿರಬೇಕು ಎಂಬುದು ಅವುಗಳಲ್ಲಿ ಒಂದು. ಕೊಡುವವರ ಮುಖದ ಮೇಲಾಗಲಿ ಜೇಬಿನ ಮೇಲಾಗಲಿ ಕಣ್ಣು ಹರಿಯಕೂಡದೆಂಬ ಈ ಎಚ್ಚರವನ್ನು ಯೋಚಿಸಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಕಂಡವರೇ ಇರಬೇಕು. ಇನ್ನು ಹಣದ ಮಾತು. ಚಿನ್ನ ಬೆಳ್ಳಿಯನ್ನು ಸ್ವೀಕರಿಸುವುದಿಲ್ಲವೆಂಬುದು ಹೊಸದಾಗಿ ಸೇರಿದ ಸಾಮಣೇರನೂ ಒಪ್ಪಿಕೊಳ್ಳುವ ಹತ್ತು ಶೀಲಗಳಲ್ಲಿ ಕೊನೆಯದು. ಖರ್ಚುವೆಚ್ಚ ನೋಡಿಕೊಳ್ಳಲು ವಿಹಾರಕ್ಕೆ ನಡೆದುಕೊಳ್ಳುವ ಗೃಹಸ್ಥರು ಇರುತ್ತಾರೆ.

ಹಾಗೆಂದು ನೋಟು ಮುಟ್ಟಿದವರೆಲ್ಲ ಸುಳ್ಳು ಸನ್ಯಾಸಿಗಳೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಜಪಾನಿನಲ್ಲಿ ಹುಲ್ಲಿನ ಟೋಪಿ ತೊಟ್ಟು ಬೀದಿಬದಿಯಲ್ಲಿ ಮಂತ್ರ ಪಠಿಸುತ್ತ ನಿಲ್ಲುವ ಭಿಕ್ಷುವಿನ ಬಟ್ಟಲಿಗೆ ಜನ ನಾಣ್ಯ ಹಾಕುವುದು ಹಳೆಯ ರೂಢಿ. ಮ್ಯಾನ್ಮಾರಿನ ಗುಲಾಬಿ ಬಣ್ಣದ ಉಡುಪಿನ ಸನ್ಯಾಸಿನಿಯರು ಅಕ್ಕಿಯನ್ನೂ ಹಣವನ್ನೂ ಸ್ವೀಕರಿಸುತ್ತಾರೆ, ಅದರಲ್ಲಿ ಅವರ ನಿಯಮಕ್ಕೆ ಭಂಗವಿಲ್ಲ. ದೂರ ಪ್ರಯಾಣ ಮಾಡುವ ಇಂದಿನ ಎಷ್ಟೋ ಭಿಕ್ಷುಗಳ ಬಳಿ ಬಸ್ಸಿನ ಖರ್ಚಿಗಾಗುವಷ್ಟು ಹಣವಿರುತ್ತದೆ. ಬಟ್ಟೆಯ ಬಣ್ಣವೂ ಪೂರ್ತಿ ಗುಟ್ಟು ಬಿಟ್ಟುಕೊಡುವುದಿಲ್ಲ. ಟಿಬೆಟ್ಟಿನವರದು ಕಡುಗೆಂಪು, ಕೊರಿಯಾದವರದು ಬೂದು, ಥಾಯ್ಲೆಂಡಿನವರದು ಕಾವಿ ಕಂದುಗಳ ನಾನಾ ಛಾಯೆ. ಚೀನೀ ಬಗೆಯ ಅಂಗಿ ತೊಟ್ಟು, ಟಿಬೆಟ್ಟಿನ ಮಣಿಸರ ಹಂಚುತ್ತ, ಥಾಯ್ಲೆಂಡಿನ ಗುಡಿಗೆಂದು ಹಣ ಕೇಳುವವರನ್ನು ಕಂಡಾಗ ಮಾತ್ರ ಮೂರು ದೇಶದ ಬೌದ್ಧಧರ್ಮ ಒಂದೇ ಮೈಯಲ್ಲಿ ಹೇಗೆ ಕೂಡಿತೆಂದು ಯೋಚಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಹೆಚ್ಚು ನಂಬಬಹುದಾದ ಗುರುತು ಬೇರೆಯದು. ಇಲ್ಲವೆಂದ ಮೇಲೆ ಎದುರಿನವರು ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ನಿಜವಾದ ಭಿಕ್ಷು, ಯಾವ ಪಂಥದವರೇ ಆಗಿರಲಿ, ಇಲ್ಲವೆನ್ನುವವರ ಬೆನ್ನು ಹತ್ತುವುದಿಲ್ಲ, ಶಾಂತಿಗೆ ದರ ಕಟ್ಟುವುದಿಲ್ಲ, ತೋಳು ಹಿಡಿಯುವುದಿಲ್ಲ.

ವೇಷ ಹಾಕಿದವರನ್ನು ಗುರುತಿಸುವ ಕಷ್ಟ ಬುದ್ಧನ ಕಾಲದ ಸಂಘಕ್ಕೂ ಇತ್ತು. ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗವೆಂಬ ಭಾಗದಲ್ಲಿ ಒಬ್ಬ ಹಳೆಯ ಮನೆತನದವನ ಪ್ರಸಂಗ ಬರುತ್ತದೆ. ಬಂಧುಬಳಗವೆಲ್ಲ ಅಳಿದುಹೋಗಿ ಒಂಟಿಯಾದವನು, ಸುಖದಲ್ಲಿ ಬೆಳೆದ ಮೈ, ದುಡಿದು ಸಂಪಾದಿಸುವ ಶಕ್ತಿಯಿಲ್ಲ. ಶ್ರಮಣರ ಬದುಕು ನಿಶ್ಚಿಂತೆಯದೆಂದು ಅವನಿಗೆ ತೋರಿತು. ಯಾರನ್ನೂ ಕೇಳದೆ ತಾನೇ ತಲೆ ಗಡ್ಡ ಬೋಳಿಸಿಕೊಂಡು, ಚೀವರ ಉಟ್ಟು, ಪಾತ್ರೆ ಹಿಡಿದು ವಿಹಾರಕ್ಕೆ ಬಂದು ಭಿಕ್ಷುಗಳಿಗೆ ವಂದಿಸಿದ. ಅಲ್ಲಿಯವರು ಸಹಜವಾಗಿ, ನಿಮಗೆ ಎಷ್ಟು ವಸ್ಸವಾಯಿತೆಂದು ಕೇಳಿದರು. ಸಂಘದಲ್ಲಿ ಹಿರಿತನವನ್ನು ಎಣಿಸುವುದು ಕಳೆದ ಮಳೆಗಾಲಗಳ ಲೆಕ್ಕದಲ್ಲಿ. ಅವನೋ, ವಸ್ಸವೆಂದರೇನು ಎಂದು ಕೇಳಿಬಿಟ್ಟ. ಹೋಗಲಿ, ದೀಕ್ಷೆ ಕೊಟ್ಟ ಉಪಾಧ್ಯಾಯರು ಯಾರೆಂದು ಕೇಳಿದರೆ, ಉಪಾಧ್ಯಾಯರೆಂದರೇನು ಎಂದ. ಅವರು ಕೂಗಾಡಲಿಲ್ಲ, ಸಂಘದ ನಿಯಮಗಳನ್ನು ಎಲ್ಲರಿಗಿಂತ ಬಲ್ಲವರಾದ ಉಪಾಲಿಯವರನ್ನು ಕರೆದು, ಈತನನ್ನು ಸ್ವಲ್ಪ ವಿಚಾರಿಸಿರಿ ಎಂದರು. ಉಪಾಲಿಯವರೆದುರು ಅವನು ಇದ್ದದ್ದನ್ನು ಇದ್ದಂತೆ ಹೇಳಿಕೊಂಡ. ಕಳ್ಳತನದಿಂದ ಸಹವಾಸಕ್ಕೆ ಸೇರಿದ ಇಂಥವರಿಗೆ ದೀಕ್ಷೆ ಕೊಡಕೂಡದು, ಕೊಟ್ಟಿದ್ದರೆ ಹೊರಗೆ ಕಳಿಸಬೇಕು ಎಂಬ ಕಟ್ಟಳೆ ಹುಟ್ಟಿತು. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮೋಸಕ್ಕೆ ಬೇಕಾದ ಪೂರ್ವತಯಾರಿಯನ್ನೂ ಮಾಡಿಕೊಳ್ಳಲಾಗದ ಸೋಮಾರಿತನದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ.

ಅಂದಿನ ಆ ಎರಡು ಪ್ರಶ್ನೆಗಳು ಇಂದಿಗೂ ಸವೆದಿಲ್ಲ. ಯಾವ ವಿಹಾರ, ದೀಕ್ಷೆ ಕೊಟ್ಟವರು ಯಾರು, ಎಷ್ಟು ವಸ್ಸವಾಯಿತು ಎಂದು ವಿನಯದಿಂದ ಕೇಳಿದರೆ ನಿಜವಾದ ಭಿಕ್ಷುವಿಗೆ ಅವಮಾನವಾಗುವುದಿಲ್ಲ. ತಮ್ಮ ಗುರುವಿನ ಹೆಸರು ಹೇಳುವುದು ಅವರಿಗೆ ಸಂತೋಷದ ಸಂಗತಿಯೇ. ಭಾಷೆ ಬಾರದೆ ಸುಮ್ಮನಿರುವವರೂ ಉಂಟು, ಆದ್ದರಿಂದ ಮೌನವೊಂದನ್ನೇ ತಪ್ಪೊಪ್ಪಿಗೆಯೆಂದು ಹಿಡಿಯಬಾರದು. ಕಾಗದಪತ್ರವೂ ಇರುತ್ತದೆ. ಥಾಯ್ಲೆಂಡಿನಲ್ಲಿ ದೀಕ್ಷಿತರಿಗೆ ಗುರುತಿನ ಪುಸ್ತಿಕೆ ಕೊಡುತ್ತಾರೆ, ಶ್ರೀಲಂಕಾದಲ್ಲಿ ಭಿಕ್ಷುಗಳ ಹೆಸರು ಸರ್ಕಾರದ ದಾಖಲೆಯಲ್ಲಿ ನೋಂದಣಿಯಾಗುತ್ತದೆ, ಚೀನಾದಲ್ಲಿ ದೀಕ್ಷಾಪತ್ರವಿದೆ. ಆದರೆ ಕಾಗದವನ್ನು ನಕಲು ಮಾಡಬಹುದು. ಅಷ್ಟೇ ಏಕೆ, ಟಾಂಗ್ ಮತ್ತು ಸಾಂಗ್ ವಂಶಗಳ ಕಾಲದಲ್ಲಿ ಚೀನಾದ ಸರ್ಕಾರವೇ ಬೊಕ್ಕಸ ತುಂಬಿಸಿಕೊಳ್ಳಲು ಸನ್ಯಾಸದ ಪರವಾನಗಿ ಪತ್ರಗಳನ್ನು ಮಾರಾಟಕ್ಕಿಟ್ಟಿತ್ತು. ಆಗ ಕಾಗದ ಅಸಲಿ, ಸನ್ಯಾಸಿಯ ಬಗ್ಗೆ ಮಾತ್ರ ಅನುಮಾನ.

ಇಷ್ಟೆಲ್ಲ ತಿಳಿದ ಮೇಲೂ ದೂರು ಕೊಡಲು ಮನಸ್ಸು ಹಿಂಜರಿಯುತ್ತದೆ. ಹೋದ ಹಣ ಸಣ್ಣದು, ಧರ್ಮದ ವಿಷಯ, ಪಾಪ ಬಡವರೋ ಏನೋ ಎಂಬ ಮೂರು ನೆವಗಳು ತಯಾರಾಗಿಯೇ ಇರುತ್ತವೆ. ಮೂರನೆಯದರಲ್ಲಿ ಸತ್ಯವಿದ್ದರೂ ಇರಬಹುದು. ಎರಡನೆಯದಕ್ಕೆ ಬೌದ್ಧರ ಚರಿತ್ರೆಯಲ್ಲೇ ಉತ್ತರವಿದೆ. ಬುದ್ಧನ ಪರಿನಿರ್ವಾಣವಾಗಿ ಸುಮಾರು 100 ವರ್ಷಗಳ ಮೇಲೆ ವೈಶಾಲಿಯ ಭಿಕ್ಷುಗಳು ಉಪೋಸಥವೆಂಬ ವ್ರತದ ದಿನ ಒಂದು ಕಂಚಿನ ಪಾತ್ರೆಗೆ ನೀರು ತುಂಬಿ ಸಂಘದ ನಡುವೆ ಇಟ್ಟು, ಬಂದ ಉಪಾಸಕರನ್ನು, ಅಂದರೆ ಗೃಹಸ್ಥ ಭಕ್ತರನ್ನು, ಅದರಲ್ಲಿ ನಾಣ್ಯ ಹಾಕಿರೆಂದು ಕೇಳುತ್ತಿದ್ದರಂತೆ. ಹೊರಗಿನಿಂದ ಬಂದಿದ್ದ ಯಶ ಎಂಬ ಭಿಕ್ಷು, ಕೊಡಬೇಡಿ, ಶ್ರಮಣರಿಗೆ ಚಿನ್ನ ಬೆಳ್ಳಿ ಸಲ್ಲದು ಎಂದು ಉಪಾಸಕರಿಗೆ ನೇರವಾಗಿ ಹೇಳಿದರು. ಬಂದ ಹಣದಲ್ಲಿ ವೈಶಾಲಿಯ ಭಿಕ್ಷುಗಳು ಯಶರಿಗೂ ಒಂದು ಪಾಲು ಕೊಡಹೋದರು, ಅವರು ಬೇಡವೆಂದರು. ಭಕ್ತರ ಮನಸ್ಸು ನೋಯಿಸಿದ್ದಕ್ಕೆ ಕ್ಷಮೆ ಕೇಳಬೇಕೆಂದು ಅವರ ಮೇಲೆಯೇ ದಂಡನೆ ಹೊರಿಸಿದರು. ಯಶ ಭಕ್ತರ ಬಳಿಗೆ ಹೋದರು, ಆದರೆ ನಿಯಮ ಏನು ಹೇಳುತ್ತದೆಂಬುದನ್ನು ಬಿಡಿಸಿ ಹೇಳಿ ಅವರನ್ನೇ ಒಪ್ಪಿಸಿಬಂದರು. ಆ ಒಂದು ದೂರು ಬೆಳೆದು ವೈಶಾಲಿಯ ಎರಡನೆಯ ಮಹಾಸಭೆಯೇ ಸೇರಬೇಕಾಯಿತು. ವೈಶಾಲಿಯವರು ವೇಷಧಾರಿಗಳೂ ಅಲ್ಲ, ದೀಕ್ಷೆ ಪಡೆದವರೇ. ಅಂಥವರ ಮೇಲೂ ದೂರು ಸಲ್ಲುತ್ತಿತ್ತು.

ಇಂದಿನ ದೂರಿಗೆ ಅಷ್ಟು ದೊಡ್ಡ ಸಭೆ ಬೇಕಿಲ್ಲ. ಜಾಗ, ಹೊತ್ತು, ಎಷ್ಟು ಜನ, ಏನು ಕೊಟ್ಟು ಎಷ್ಟು ಕೇಳಿದರು, ಯಾವ ಗುಡಿಯ ಹೆಸರು ಹೇಳಿದರು ಎಂಬಿಷ್ಟನ್ನು ಬರೆದುಕೊಂಡು, ಪೊಲೀಸರ ಸಾಮಾನ್ಯ ದೂರವಾಣಿಗೆ ಅಥವಾ ಆ ಉದ್ಯಾನದ, ಮಳಿಗೆಯ ಕಾವಲಿನವರಿಗೆ ತಿಳಿಸಿದರೆ ಸಾಕು. ಸಿಂಗಾಪುರದಂಥ ಕಡೆಗಳಲ್ಲಿ ಸಾರ್ವಜನಿಕವಾಗಿ ಹಣ ಎತ್ತಲು ಪರವಾನಗಿ ಬೇಕು. ಅಲ್ಲಿ ಅದನ್ನು ತೋರಿಸಿ ಎನ್ನುವುದೇ ಅರ್ಧ ದೂರು. ಥಾಯ್ಲೆಂಡಿನ ದಂಡಸಂಹಿತೆಯ 208ನೆಯ ಕಲಮಿನಂತೆ ಜನರನ್ನು ನಂಬಿಸಲು ಅಕ್ರಮವಾಗಿ ಭಿಕ್ಷುವೇಷ ಧರಿಸುವುದೇ ಅಪರಾಧ, ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ದೂರಿನಲ್ಲಿ ಇವರು ನಕಲಿ ಭಿಕ್ಷುಗಳೆಂದು ಬರೆಯುವುದಕ್ಕಿಂತ ಬೆನ್ನುಹತ್ತಿ ಇಷ್ಟು ಹಣ ಕೇಳಿದರು ಎಂದು ಬರೆಯುವುದು ಮೇಲು, ಏಕೆಂದರೆ ನಾವು ಕಣ್ಣಾರೆ ಕಂಡದ್ದು ಅಷ್ಟನ್ನೇ. ಮುಖದ ಫೋಟೋ ತೆಗೆದು ಊರಿಗೆಲ್ಲ ವಾಟ್ಸಾಪ್ ಮಾಡುವ ಉತ್ಸಾಹವನ್ನಂತೂ ಬಿಡುವುದೇ ಒಳ್ಳೆಯದು. ಅದರಲ್ಲಿ ಒಬ್ಬ ನಿಜವಾದ ಭಿಕ್ಷು ಸಿಕ್ಕಿಬಿದ್ದರೆ ಅವರ ಮಾನವನ್ನು ಮರಳಿ ತಂದುಕೊಡುವವರು ಯಾರೂ ಇರುವುದಿಲ್ಲ. ಬಿಲ್ಲೆಯ, ಪುಸ್ತಕದ ಫೋಟೋ ಸಿಕ್ಕರೆ ಅದು ಹೆಚ್ಚು ಉಪಯೋಗದ್ದು. ಪುಸ್ತಕದಲ್ಲಿರುವ ಗುಡಿ ನಿಜವಾಗಿ ಎಲ್ಲಾದರೂ ಇದ್ದರೆ ಅಲ್ಲಿಯವರಿಗೂ ಒಂದು ಮಾತು ಬರೆಯಬೇಕು. ತಮ್ಮ ಹೆಸರಿನಲ್ಲಿ ದೂರದ ಬೀದಿಯೊಂದರಲ್ಲಿ ವಂತಿಗೆ ಎತ್ತಲಾಗುತ್ತಿದೆಯೆಂಬುದು ಅವರಿಗೆ ಬೇರೆ ಯಾರಿಂದಲೂ ತಿಳಿಯುವ ಸಂಭವ ಕಡಿಮೆ.