ಮಾರ್ಫಿ ಆಟ: 4ನೇ ನಡೆಗೆ ನಿಂತು ನೋಡ್ರಿ
ಸರ್, ವಿಜಯಪುರದ ಸಾಲಿ ಮಕ್ಕಳಿಗೆ ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿಯ 1858ರ ಪ್ಯಾರಿಸ್ ಆಟದ 17 ನಡೆ ಬಾಯಿಪಾಠ ಮಾಡಸ್ರಿ ಅಂತ ಬರದೀರಿ. ಆಟ ಭಾಳ ಚಲೋ ಆರಿಸೀರಿ, ಆದರ ಬಾಯಿಪಾಠ ಬ್ಯಾಡ್ರಿ.

ಇದು ಫಿಲಿಡೋರ್ ಡಿಫೆನ್ಸ್, ಅಂದ್ರ ಕಪ್ಪು 2ನೇ ನಡೆಗೆ ಪ್ಯಾದೆ ಡಿ6ಕ್ಕ ಇಡೋ ಆರಂಭ (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು). ಕಪ್ಪು 3ನೇ ನಡೆಗೆ ಒಂಟೆ ಜಿ4ಕ್ಕ ತಂದದ್ದ ತಪ್ಪಿನ ಬೇರು. 4ನೇ ನಡೆಗೆ ಬಿಳಿ ಇ5 ಪ್ಯಾದೆ ಹೊಡದಾಗ ಹಾಳಿ ಮುಚ್ಚಿ, ‘ಡಿ6 ಪ್ಯಾದೆಯಿಂದ ಯಾಕ ತಿರುಗಿ ಹೊಡೀಲಿಲ್ಲ?’ ಅಂತ ಕೇಳ್ರಿ. ಹಂಗ ಆಡಿಸೇ ನೋಡ್ರಿ: ರಾಣಿಗೆ ರಾಣಿ ಹೋಗ್ತಾವು, ಆಮ್ಯಾಲೆ ಬಿಳಿ ಕುದುರಿ ಇ5 ಪ್ಯಾದೆ ಹೊಡದು ಅಲ್ಲೇ ಕುಂತು ಜಿ4 ಒಂಟೆ, ಎಫ್7 ಪ್ಯಾದೆ ಎರಡನ್ನೂ ಹಿಡೀತೈತಿ. ಅದಕ್ಕ ಕಪ್ಪು ಮೊದಲ ಒಂಟೆ ಕೊಟ್ಟು ಕುದುರಿ ಹೊಡೀಬೇಕಾತು. 7ನೇ ನಡೆಗೆ ಬಿಳಿ ರಾಣಿ ಬಿ3ಕ್ಕ ಬಂದು ಎಫ್7, ಬಿ7 ಎರಡರ ಮ್ಯಾಲೂ ಕಣ್ಣಿಡತೈತಿ. ಕಪ್ಪು ರಾಣಿ ಇ7ಕ್ಕ ಬಂದ್ರ ಎಫ್8 ಒಂಟೆಗೆ ದಾರಿ ಬಂದ್. ಆ ಒಂಟೆ, ಎಚ್8 ಆನೆ ಕಡೀತನಾ ಇದ್ದಲ್ಲೇ ಉಳೀತಾವು.

ಬರದ ನಡೆ ಆಡಿಸುವಾಗ ಮಕ್ಕಳು ಎಡವೋದು 11ನೇ ನಡಿಯಾಗ. ಡಿ7ಕ್ಕ ಕಪ್ಪಿನ ಎರಡೂ ಕುದುರಿ ಹೋಗಬಹುದು, ಬಿ8ರದ್ದನ್ನ ಇಡ್ರಿ. ಎಫ್6ರದ್ದು ಇಟ್ಟರ 12ನೇ ನಡೆಗೆ ಎ8 ಆನೆಗೆ ಡಿ8ಕ್ಕ ಹಾದಿನ ಇರಂಗಿಲ್ಲ.